ಪ್ರೆಸ್ಸಿನ ಶಾಯಿ ಒಂದು ಬಿಟ್ಟು

ನಮ್ಮ ಭಾವನವರ ಅಂಗಿಯಷ್ಟು ಬಿಳಿ ಅಂಗಿ ಆ ಪ್ರೆಸ್ಸಿನಲ್ಲಿ ಇನ್ನೊಂದಿರಲಿಲ್ಲ. ಮೊಣಕೈವರೆಗೆ ಮಸಿ ಮೆತ್ತಿಕೊಂಡು ಓಡಾಡುವವರ ಮಧ್ಯೆ ಸೂಪರ್‌ವೈಸರ್ ಆದ ಅವರೊಬ್ಬರು ಮಾತ್ರ ತಮ್ಮ ಗಾಜಿನ ಕೋಣೆಯಿಂದ ಇಸ್ತ್ರಿ ಮುರಿಯದೆ ಹೊರಗೆ ಬರುತ್ತಿದ್ದರು. ಯಾರಾದರೂ ಗುಟ್ಟೇನು ಅಂತ ಕೇಳಿದರೆ, "ಶಿಸ್ತು ಕಣ್ರಯ್ಯಾ, ಶಿಸ್ತು" ಎನ್ನುತ್ತಿದ್ದರಂತೆ. ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನು ಅವರೇ ಹೇಳಿ ಅವರೇ ನಗುತ್ತಿದ್ದರು. ಆ ಶಿಸ್ತನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕಾಲರ್ ಉಜ್ಜಿ, ಹಿಂಡಿ, ತಂತಿಯ ಮೇಲೆ ಒಣಹಾಕುತ್ತಿದ್ದವಳು ನಾನು. ಭಾವ ನನ್ನ ಗಂಡನ ಅಣ್ಣ; ಎಲ್ಲರಿಗೂ ಒಂದೇ ಮನೆ. ಅಡುಗೆ ಅಕ್ಕನದು, ಅಂದರೆ ಭಾವನ ಹೆಂಡತಿಯದು, ಬಟ್ಟೆ ನನ್ನದು.

ಉಜ್ಜುತ್ತಿದ್ದುದು ನಾನು ಮಾರುವ ಸೋಪಿನಿಂದಲೇ. ಕಲೆ ತೆಗೆಯುವ ಸೋಪು, ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿಯವರು ಪೆಟ್ಟಿಗೆಗಟ್ಟಲೆ ಮನೆಗೆ ಕಳಿಸುತ್ತಾರೆ, ನನ್ನಂಥವರು ಒಬ್ಬೊಬ್ಬರ ಕೈಗೂ ಕೊಟ್ಟು ಮಾರಬೇಕು. ಮೊದಮೊದಲು ಅಕ್ಕಪಕ್ಕದವರಿಗೆ ಮಾರಿದೆ, ಆಮೇಲೆ ನೆಂಟರಿಗೆ. ನೆಂಟರು ನನ್ನನ್ನು ಕಂಡರೆ ಮೆಲ್ಲಗೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳತೊಡಗಿದಾಗ, ನನ್ನನ್ನು ಈ ಕೆಲಸಕ್ಕೆ ಸೇರಿಸಿದ ಲೀಡರ್ ಮೇಡಂ ದಾರಿ ತೋರಿಸಿದರು.

"ಮನೆಗಳ ಸಹವಾಸ ಬಿಡಿ. ಜನ ಕೆಲಸ ಮಾಡೋ ಕಡೆ ಹೋಗಿ. ಊಟ ಮುಗಿಯೋ ಹೊತ್ತಿಗೆ ಸರಿಯಾಗಿ ಹೋಗಿ, ಹೊಟ್ಟೆ ತುಂಬಿದವರು ಜಗಳ ಆಡಲ್ಲ."

ಜೊತೆಗೆ ಒಂದು ಬಿಳಿ ಕೋಟನ್ನೂ ಕೊಟ್ಟರು. ಗೇಟಿನ ವಾಚ್‌ಮನ್‌ಗಳು ಅದನ್ನು ನೋಡಿ ನನ್ನನ್ನು ನರ್ಸ್ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು. ನಾನೂ ಅವರ ತಪ್ಪು ತಿದ್ದಲು ಹೋಗುತ್ತಿರಲಿಲ್ಲ. ಒಳಗೆ ಹೋಗಿ ಮಾಡುವುದು ಒಂದೇ ಕೆಲಸ. ಎಲ್ಲರ ಎದುರಿಗೆ ನನ್ನ ಕೋಟಿನ ಮೇಲೆ ನಾನೇ ಕಲೆ ಮಾಡಿಕೊಳ್ಳುವುದು, ಅಲ್ಲೇ ತೆಗೆದು ತೋರಿಸುವುದು. ಬ್ಯಾಂಕಿನಲ್ಲಿ ಚಹಾ ಚೆಲ್ಲಿಕೊಂಡೆ, ಗರಾಜಿನಲ್ಲಿ ಗ್ರೀಸ್ ಬಳಿದುಕೊಂಡೆ, ಬ್ಯೂಟಿ ಪಾರ್ಲರಿನಲ್ಲಿ ಲಿಪ್‌ಸ್ಟಿಕ್ಕಿನಿಂದ ಗೀಚಿಕೊಂಡೆ. ಎಲ್ಲವೂ ಹೋಯಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ತಮ್ಮನ ಹೆಂಡತಿ, ಅಷ್ಟೆ. ಗರಾಜಿನಲ್ಲಿ "ಸೋಪಿನ ಮೇಡಂ ಬಂದ್ರು, ಸ್ಟೂಲ್ ಕೊಡ್ರೋ" ಅಂತ ಯಾರೋ ಕೂಗಿದ ದಿನ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಮನೆಗೆ ಬಂದೆ. ಈ ಕೆಲಸ ಕೈಬಿಟ್ಟರೆ ನನ್ನದು ಅಂತ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಅಂತ ಅವತ್ತೇ ಗೊತ್ತಾಗಿತ್ತು.

ಭಾವ ಮೊದಲೇ ಹೇಳಿದ್ದರು. "ಎಲ್ಲಿಗಾದ್ರೂ ಹೋಗು, ನನ್ನ ಪ್ರೆಸ್ಸಿಗೆ ಮಾತ್ರ ಕಾಲಿಡಬೇಡ. ಅಲ್ಲಿ ನನಗೊಂದು ಮರ್ಯಾದೆ ಇದೆ."

ಕಾಲಿಟ್ಟೆ. ಇಡದೆ ಏನು ಮಾಡಲಿ? ಇಡೀ ಊರಿನಲ್ಲಿ ಅತಿ ಕೊಳೆಯಾದ ಬಟ್ಟೆ ತೊಡುವವರೆಲ್ಲ ಒಂದೇ ಸೂರಿನಡಿ ಕೂತು ಊಟ ಮಾಡುವಾಗ, ಸೋಪು ಮಾರುವವಳು ಕಣ್ಣು ಮುಚ್ಚಿಕೊಂಡು ಮುಂದೆ ಹೋಗಬೇಕೆ?

ಊಟದ ಕೋಣೆಯಲ್ಲಿ ಉದ್ದನೆಯ ಬೆಂಚು, ಗೋಡೆಗೆ ಒರಗಿಸಿದ ಕಾಗದದ ಸುರುಳಿಗಳು, ಎಲ್ಲೆಲ್ಲೂ ಸೀಮೆಎಣ್ಣೆಯಂಥ ವಾಸನೆ. ಚಹಾದ ಕಲೆ ತೆಗೆದು ತೋರಿಸಿದೆ. ಯಾರೂ ಜಗ್ಗಲಿಲ್ಲ. ಎಲ್ಲರೂ ಮಸಿಯಣ್ಣ ಎಂದು ಕರೆಯುವ ಹಳೆಯ ಮಷಿನ್‌ಮನ್ ಒಬ್ಬ ಎದ್ದು ಬಂದ.

"ಚಹಾ ನೀರಿಗೂ ಹೋಗುತ್ತೆ ತಾಯಿ. ಇದನ್ನ ತೆಗೀರಿ ನೋಡೋಣ" ಎಂದು ಬಾಗಿಲ ಬಳಿಯ ಡಬ್ಬಿಯ ಶಾಯಿಗೆ ಹೆಬ್ಬೆರಳನ್ನು ಅದ್ದಿ ಮುಂದೆ ಹಿಡಿದ.

ನಾನು ಬೀಗುತ್ತಾ ಎದೆಯ ಹತ್ತಿರದ ಜಾಗ ತೋರಿಸಿ, "ಇಲ್ಲೇ ಒತ್ತಿ" ಎಂದು ಕೋಟಿನ ಬಟ್ಟೆಯನ್ನು ಎಳೆದು ಹಿಡಿದೆ. ಒತ್ತಿದ. ಉಜ್ಜಿದೆ. ಇನ್ನೊಮ್ಮೆ ಉಜ್ಜಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಬೆರಳಿನಷ್ಟಿದ್ದದ್ದು ಅಂಗೈಯಗಲ ಹರಡಿತು. ಕೋಣೆಗೆ ಕೋಣೆಯೇ ನಕ್ಕಿತು. ಆ ಗದ್ದಲಕ್ಕೆ ಭಾವ ಹೊರಗೆ ಬಂದರು.

"ಯಾರು ಸಾರ್ ಇವರು? ನಿಮ್ಮನ್ನೇ ನೋಡ್ತಿದ್ದಾರಲ್ಲ?" ಎಂದ ಮಸಿಯಣ್ಣ.

ಭಾವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಯಾರೋಪ್ಪ, ನಂಗೇನು ಗೊತ್ತು? ಗೇಟಲ್ಲಿ ಯಾರು ಬಿಟ್ಟಿದ್ದು ಇವರನ್ನ?"

ಕಲೆ ಹೋಗದಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ. ಈ ಮಾತಿಗೆ ಮೈಯೆಲ್ಲ ಉರಿದುಹೋಯಿತು. ಅವರು ತೊಟ್ಟಿದ್ದ ಅಂಗಿಯ ಕಾಲರನ್ನು ಹಿಂದಿನ ಸಂಜೆಯಷ್ಟೇ ಉಜ್ಜಿದ ಕೈ ಇದು.

ಸಂಜೆ ಮನೆಯಲ್ಲಿ ಭಾವನ ತೀರ್ಪು ಆಯಿತು. "ತಿಂಗಳ ಕೊನೆಗೆ ಪೆಟ್ಟಿಗೆಗಳೆಲ್ಲ ವಾಪಸ್ ಹೋಗಬೇಕು. ಅಲ್ಲಿವರೆಗೂ ಆ ಸೋಪು ಈ ಮನೇಲಿ ನನ್ನ ಕಣ್ಣಿಗೆ ಬೀಳಕೂಡದು."

ನಮ್ಮವರು, "ಅಣ್ಣ ಹೇಳಿದ ಮೇಲೆ..." ಎಂದು ತಟ್ಟೆ ನೋಡುತ್ತಾ ಕೂತರು. ಅವರ ಮಾತು ಯಾವತ್ತೂ ಅಲ್ಲಿಂದ ಮುಂದೆ ಹೋದದ್ದಿಲ್ಲ. ಲೀಡರ್ ಮೇಡಂಗೆ ಫೋನ್ ಮಾಡಿದರೆ ಅವರದು ಇನ್ನೊಂದು ರಾಗ. "ಆ ಕೋಟು ಬಿಸಾಕಿ, ಹೊಸದು ಕಳಿಸ್ತೀನಿ. ಹೋಗದ ಕಲೆ ಬಗ್ಗೆ ಎಲ್ಲೂ ಬಾಯಿ ಬಿಡಬೇಡಿ."

ಒಬ್ಬರಿಗೆ ನಾನೇ ಗೊತ್ತಿಲ್ಲ, ಇನ್ನೊಬ್ಬರಿಗೆ ನನ್ನ ಕಲೆ ಗೊತ್ತಾಗಬಾರದು. ಚೆನ್ನಾಗಿದೆ. ಮಾರನೆಯ ದಿನ ಅದೇ ಕೋಟನ್ನು ತೊಟ್ಟು, ಗುಂಡಿ ಹಾಕಿಕೊಂಡು, ಎದೆಯ ಮೇಲಿನ ಕಪ್ಪು ಎಲ್ಲರಿಗೂ ಕಾಣುವ ಹಾಗೆ ಹಿಂದಿನ ಬೀದಿಯ ಹೊಲಿಗೆ ಕಾರ್ಖಾನೆಗೆ ಹೋದೆ.

ಅಲ್ಲಿನ ಮೇಸ್ತ್ರಿ ಹೆಂಗಸು ನೋಡಿದ ಕೂಡಲೇ ಕಿಸಕ್ಕನೆ ನಕ್ಕಳು. "ನಿಮ್ಮ ಕೋಟಿನ ಕಲೇನೇ ಹೋಗಿಲ್ಲ, ನಮ್ಮದೇನು ತೆಗೀತೀರಿ?"

"ಇದು ಹೋಗಲ್ಲ. ಪ್ರೆಸ್ಸಿನ ಶಾಯಿ ಒಂದು ಬಿಟ್ಟು ಉಳಿದದ್ದೆಲ್ಲ ಹೋಗುತ್ತೆ. ನೀವೇನು ಇಲ್ಲಿ ಪುಸ್ತಕ ಅಚ್ಚು ಹಾಕ್ತೀರಾ?"

ಮಷಿನ್ನುಗಳ ಹಿಂದಿನಿಂದ ಒಬ್ಬೊಬ್ಬರೇ ಎದ್ದು ಬಂದರು. ಹೊಲಿಗೆ ಮಷಿನ್ನಿನ ಎಣ್ಣೆ ಚಿಮ್ಮಿ ಹಾಳಾಯಿತೆಂದು ಬದಿಗಿಟ್ಟಿದ್ದ ಬಟ್ಟೆಯನ್ನು ಮೇಸ್ತ್ರಿ ತಂದಳು. ಉಜ್ಜಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು, ದುಡ್ಡಿಗೆ ತನ್ನ ಚೀಲಕ್ಕೆ ಕೈ ಹಾಕಿದಳು. ಅವತ್ತು ನನ್ನ ಬ್ಯಾಗು ಖಾಲಿ. ಮನೆಯಲ್ಲಿ ಇಡಲಾಗದ ಪೆಟ್ಟಿಗೆಗಳಿಗೆ ಜಾಗ ಬೇಕು ಎಂದು ನಾನು ಕೇಳಿದಾಗ ಮೂಲೆಯಲ್ಲಿದ್ದ ಬಟ್ಟೆಯ ಗಂಟುಗಳನ್ನು ಕಾಲಲ್ಲಿ ಸರಿಸಿ, "ಇಟ್ಕೊಳ್ಳಿ, ಇದೇನು ನಮ್ಮಪ್ಪನ ಮನೇನಾ" ಎಂದಳು.

ಹೀಗೆ ಭಾವ ಹೇಳಿದಂತೆಯೇ ನಡೆದುಕೊಂಡೆ. ಸೋಪು ಅವರ ಕಣ್ಣಿಗೆ ಬೀಳಕೂಡದು ತಾನೆ? ಮನೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ಅವರ ಅಂಗಿಗಳನ್ನು ಅಂಗಡಿಯ ಮಾಮೂಲಿ ಸೋಪಿನಿಂದ ನಿಷ್ಠೆಯಿಂದ ಒಗೆದೆ. ಮೊದಲ ವಾರ ಕಾಲರಿನೊಳಗೆ ತೆಳ್ಳಗೆ ಒಂದು ಗೆರೆ ಕಂಡಿತು. ಎರಡನೆಯ ವಾರಕ್ಕೆ ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತು.

"ಯಾಕೆ ಹೀಗಾಗಿದೆ?" ಎಂದು ಭಾವ ಕನ್ನಡಿಯ ಮುಂದೆ ಕತ್ತು ತಿರುಗಿಸಿದರು.

"ಶಿಸ್ತು ಕಮ್ಮಿಯಾಯ್ತೋ ಏನೋ" ಎಂದಳು ಅಕ್ಕ ಅಡುಗೆಮನೆಯಿಂದ.

ತಿಂಗಳ ಕೊನೆ ಹತ್ತಿರ ಬಂದಾಗ ಮತ್ತೆ ಪ್ರೆಸ್ಸಿಗೆ ಹೋದೆ. ಅದೇ ಕೋಟು, ಅದೇ ಕಲೆ. ಊಟದ ಕೋಣೆಯಲ್ಲಿ ನಗು ಶುರುವಾಯಿತು.

"ಇದನ್ನ ತೆಗೆಯೋಕೆ ಆಗಲಿಲ್ಲ. ನೀವು ಗೆದ್ರಿ" ಎಂದು ಮಸಿಯಣ್ಣನಿಗೆ ಹೇಳಿದೆ. "ಊರೆಲ್ಲ ಇದನ್ನ ತೋರಿಸ್ಕೊಂಡು ಬಂದಿದ್ದೀನಿ. ಈಗ ನಿಮ್ಮ ಮಕ್ಕಳ ಶಾಲೆ ಬಟ್ಟೆ ತನ್ನಿ, ನಿಮ್ಮ ಬೆವರಿನ ಬನಿಯನ್ ತನ್ನಿ. ಮನೇಲಿ ಒಗೆಯೋರ ಕೈನೋವು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು."

ಮಸಿಯಣ್ಣ ನನ್ನ ಎದೆಯ ಮೇಲೆ ತಾನೇ ಒತ್ತಿದ ಕಲೆಯನ್ನು ನೋಡಿದ. "ಸುಳ್ಳು ಹೇಳ್ದೆ ಮಾರೋರನ್ನ ಈಗಲೇ ನೋಡಿದ್ದು. ನಂಗೆರಡು ಕೊಡಿ" ಎಂದ. ಅವನ ಹಿಂದೆ ಸಾಲು ನಿಂತಿತು.

ಆಗ ಗಾಜಿನ ಬಾಗಿಲು ತೆರೆದು ಭಾವ ಬಂದರು. ನನ್ನನ್ನು ಓಡಿಸಲೆಂದೇ ಬಂದಿದ್ದರು, ಹುಬ್ಬು ನೋಡಿದರೇ ತಿಳಿಯುತ್ತಿತ್ತು. ಅಷ್ಟರಲ್ಲಿ ಮಸಿಯಣ್ಣ, "ಸಾರ್, ನೀವೂ ಒಂದು ತಗೊಳ್ಳಿ. ಈಚೆಗೆ ನಿಮ್ಮ ಶಿಸ್ತು ಯಾಕೋ ಮಂಕಾಗಿದೆ" ಎಂದ. ಎಲ್ಲರ ಕಣ್ಣೂ ಅವರ ಕಾಲರಿನ ಮೇಲೆ ಬಿತ್ತು.

ಭಾವ ಬಲವಂತವಾಗಿ ನಕ್ಕರು. ದೊಡ್ಡವರಂತೆ ಕೈ ಚಾಚಿ ಒಂದು ಸೋಪು ಎತ್ತಿಕೊಂಡು, ತಿರುಗಿ ಹೊರಡುತ್ತಾ, ಮನೆಯವರ ಹತ್ತಿರ ಹೇಳುವ ಹಾಗೆಯೇ ಬಾಯಿತಪ್ಪಿ ಹೇಳಿಬಿಟ್ಟರು:

"ದುಡ್ಡು ಮನೇಲಿ ಕೊಡ್ತೀನಿ."

ಸಾಲಿನಲ್ಲಿದ್ದವರೆಲ್ಲ ಅವರತ್ತ ತಿರುಗಿದರು.

"ಯಾರ ಮನೇಲಿ ಸಾರ್?" ಮಸಿಯಣ್ಣ ಕೇಳಿದ.

ಭಾವ ನನ್ನತ್ತ ನೋಡಿದರು. ಏನಾದರೂ ಹೇಳಿ ಉಳಿಸು ಎನ್ನುವ ನೋಟ. ನಮ್ಮ ಪಕ್ಕದ ಮನೆಯವರು ಎಂದು ನಾನು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ.

"ಹೌದು ಸಾರ್, ಯಾರ ಮನೇಲಿ?" ನಾನೂ ಕೇಳಿದೆ. "ಗುರುತಿಲ್ಲದವರಿಗೆ ನಾನು ಸಾಲ ಕೊಡಲ್ಲ."

"ನಮ್ಮನೇಲಿ" ಎಂದರು ಮೆಲ್ಲಗೆ. "ನನ್ನ ತಮ್ಮನ ಹೆಂಡತಿ."

"ಕೇಳಿಸಲಿಲ್ಲ ಸಾರ್, ಮಷಿನ್ ಸದ್ದು" ಎಂದ ಮಸಿಯಣ್ಣ. ಊಟದ ಹೊತ್ತು, ಒಂದು ಮಷಿನ್ನೂ ಓಡುತ್ತಿರಲಿಲ್ಲ.

"ನನ್ನ ತಮ್ಮನ ಹೆಂಡತಿ ಕಣಯ್ಯಾ! ನನ್ನ ಅಂಗಿ ಒಗೆಯೋದೂ ಇವಳೇ, ಸಾಕಾ?"

ಸಾಕಾಗಿತ್ತು, ಮಸಿಯಣ್ಣನಿಗೆ. ನನಗೆ ಇನ್ನೊಂದು ಮಾತು ಬಾಕಿಯಿತ್ತು.

"ಒಗೀತಿದ್ದೆ" ಎಂದೆ. "ಇನ್ಮೇಲೆ ಪುರುಸೊತ್ತಾಗಲ್ಲ ಭಾವ, ವ್ಯಾಪಾರ ಜಾಸ್ತಿಯಾಗಿದೆ. ಕಾಲರ್ ಒದ್ದೆ ಮಾಡಿ, ಸೋಪನ್ನ ಸುತ್ತಸುತ್ತ ಉಜ್ಜಬೇಕು, ಅಷ್ಟೆ. ಇವತ್ತೇ ಪೆಟ್ಟಿಗೆಗಳನ್ನ ಮನೆಗೆ ತಂದಿಡ್ತೀನಿ. ಬೇಕಾದಾಗ ತಗೊಳ್ಳಿ, ದುಡ್ಡು ಅಲ್ಲೇ ಕೊಡಿ."