ಕೊಂಡಮ್ಮ ಮೂಗಿಯಾಗಿದ್ದ ಹದಿನಾಲ್ಕು ದಿನ

೧೯೫೮ನೆಯ ಇಸವಿ ಜೂನ್ ಹದಿನಾರು, ಸೋಮವಾರ. ಹುಚ್ಚುನಾಯಿ ಕಚ್ಚಿದ್ದ ಕೊಂಡಮ್ಮನಿಗೆ ದಿನಕ್ಕೊಂದರಂತೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಮದ್ದು ಹಾಕಬೇಕೆಂದು ಚಿಂತಾಮಣಿಯ ಆಸ್ಪತ್ರೆಯಲ್ಲಿ ಹೇಳಿದರು. ಮೊದಲನೆಯದು ಅಂದೇ ಆಯಿತು. ಉಳಿದ ಹದಿಮೂರಕ್ಕೆ ಶಿಡ್ಲಘಟ್ಟದ ಆಚೆಯ ತನ್ನ ಕೇರಿಯಿಂದ ದಿನವೂ ಬಂದುಹೋಗುವುದು ಆಗದ ಮಾತು. ಮಗನ ಮನೆಯಲ್ಲಿ ಉಳಿಯಲೇಬೇಕು. ಮಗ ಮುನಿಗಂಗಪ್ಪ ಅದೇ ಊರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಎಷ್ಟು ಬಗೆಯಲ್ಲಿ ಲೆಕ್ಕ ಹಾಕಿದರೂ ಈ ಹದಿನಾಲ್ಕು ದಿನ ಅವನಿಗೆ ಹೊಂದಿಬರಲಿಲ್ಲ.

ಕಾರಣ, ಅವನಿಗೆ ಬಾಡಿಗೆಯ ಮನೆ ಸಿಕ್ಕಿದ್ದೇ ಮಾತಿನಿಂದ. ಊರ ಹೊರಗಿನ ಕೇರಿಯವನೆಂದು ತಿಳಿದು ನಾಲ್ಕು ಮನೆಯವರು ಅವನನ್ನು ಜಗಲಿಯಿಂದಲೇ ಕಳುಹಿಸಿದ್ದರು. ಐದನೆಯದು ಆದಿಲಕ್ಷ್ಮಮ್ಮನ ಮನೆ. ಆಕೆಯ ತವರು ಮೈಸೂರು. ಮೂವತ್ತು ವರ್ಷ ಈ ಸೀಮೆಯಲ್ಲಿ ಬಾಳಿದರೂ ಇಲ್ಲಿನ ತೆಲುಗಿನ ಎಳೆತ ಆಕೆಯ ನಾಲಿಗೆಯನ್ನು ಮುಟ್ಟಿರಲಿಲ್ಲ. ಮುನಿಗಂಗಪ್ಪ ಬಾಗಿಲಲ್ಲಿ ನಿಂತು ಎರಡು ಮಾತಾಡುತ್ತಲೇ ಆಕೆಯ ಮುಖ ಅರಳಿತು. ಮೈಸೂರಿನ ಕಡೆಯವರಲ್ಲವೇ ಎಂದು ಆಕೆಯೇ ಕೇಳಿದಳು. ಹಾಗಾದರೆ ನಮ್ಮ ಜನವೇ ಇರಬೇಕೆಂದು ಆಕೆಯೇ ಊಹಿಸಿದಳು. ಅವನು ಎರಡಕ್ಕೂ ಹೌದೆಂದು ತಲೆಯಾಡಿಸಿದ.

ಆ ಮಾತು ಅವನಿಗೆ ಸುಮ್ಮನೆ ಬಂದದ್ದಲ್ಲ. ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋದ ಹೊಸತರಲ್ಲಿ ಅವನು ಬಾಯಿ ತೆರೆದಾಗಲೆಲ್ಲ ಜೊತೆಯವರು ನಗುತ್ತಿದ್ದರು. ಹಕಾರ ಇಲ್ಲ, ಮಾತಿನ ಬಾಲ ಮೇಲಕ್ಕೇಳುತ್ತದೆ, ನಡುನಡುವೆ ತೆಲುಗು ಇಣುಕುತ್ತದೆ ಎನ್ನುತ್ತಿದ್ದರು. ಅವನು ದಿನದಿನದ ತಪ್ಪುಗಳನ್ನು ಎಣಿಸಿಡತೊಡಗಿದ. ಮೊದಲ ದಿನ ನಲವತ್ತೊಂದು. ಸೊನ್ನೆಗೆ ಇಳಿಯಲು ಹತ್ತೊಂಬತ್ತು ತಿಂಗಳು ಹಿಡಿಯಿತು.

ಆಸ್ಪತ್ರೆಯ ಹೊರಗೆ ಒಂದು ಕಲ್ಲಿನ ಮೇಲೆ ತಾಯಿಯನ್ನು ಕೂರಿಸಿ, ಹೊಸ ಸೀರೆಯೊಂದನ್ನು ಕೈಗಿತ್ತು, ಅವನು ಇದನ್ನೆಲ್ಲ ತಿಳಿಸಿದ. ಆಕೆ ಒಂದು ಮಾತಾಡಿದರೂ ಮನೆ ಹೋಗುತ್ತದೆ, ಈ ಊರಿನಲ್ಲಿ ಇನ್ನೊಂದು ಸಿಗುವುದಿಲ್ಲ ಎಂದ.

"ಅಂಗಾರೆ ನಾ ಬಾಯೇ ಬುಡಬಾರ್ದೇನಪ್ಪಾ?"

"ಹದಿನಾಲ್ಕು ದಿನ. ಅಷ್ಟೇ ಅಮ್ಮ."

ಕೊಂಡಮ್ಮ ಕಾಲಿನ ಪಟ್ಟಿಯನ್ನು ನೋಡಿಕೊಂಡಳು. "ಆ ನಾಯಿ ಊರೆಲ್ಲಾ ಬೊಗಳ್ತು, ಯಾರೂ ಮನೆ ಬುಡಿಸ್ಲಿಲ್ಲ. ನಾ ಬೊಗಳಿದ್ರೆ ಬುಡಿಸ್ತಾರೆ" ಎಂದು ನಕ್ಕಳು. ಆಮೇಲೆ, "ಮೂಗಿ ಅಂದ್ಬುಡು" ಎಂದಳು.

ಅವನು ಹಾಗೆಯೇ ಹೇಳಿದ: ಕಿವಿ ಕೇಳಿಸುತ್ತದೆ, ಮಾತು ಬರುವುದಿಲ್ಲ. ಆದಿಲಕ್ಷ್ಮಮ್ಮ ಮರುಗಿದಳು. ಆಕೆಯ ಗಂಡ ಸದಾ ತೋಟದಲ್ಲಿರುವವನು. ಮನೆಯಲ್ಲಿ ಮಾತಿಗೆ ಇನ್ನೊಂದು ಜೀವವಿಲ್ಲ. ಮೂಗಿಯ ಕಿವಿಗೆ ಹಾಕಿದ್ದು ಬೀದಿಗೆ ಬೀಳುವುದಿಲ್ಲವೆಂಬ ಧೈರ್ಯದಿಂದ ಅವಳು ಮೂವತ್ತು ವರ್ಷ ಒಳಗಿಟ್ಟುಕೊಂಡಿದ್ದನ್ನೆಲ್ಲ ಬಿಚ್ಚತೊಡಗಿದಳು. ಕೊಂಡಮ್ಮ ಮೊರದಲ್ಲಿ ರಾಗಿ ಕೇರುತ್ತ, ಅವಳ ತುಟಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು. ತಾನು ಬಾಡಿಗೆಗೆ ಹಿಡಿದ ಹಿಂದಿನ ಕೋಣೆಯಲ್ಲಿ ಹುಡುಗರ ಲೆಕ್ಕ ತಿದ್ದುವ ಮುನಿಗಂಗಪ್ಪನಿಗೂ ಸಂಜೆಯ ಮಾತುಗಳು ಕೇಳಿಸುತ್ತಿದ್ದವು.

ಐದನೆಯ ದಿನ ಆದಿಲಕ್ಷ್ಮಮ್ಮ ತನ್ನ ಮಗಳ ವಿಷಯ ಎತ್ತಿದಳು. ನಾಲ್ಕು ವರ್ಷದ ಕೂಸು, ಸಿಡುಬಿನಲ್ಲಿ ಹೋಯಿತು. ಹೋದ ಮೇಲೆ ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಗಂಡ ಕಟ್ಟಪ್ಪಣೆ ಮಾಡಿದ್ದ. ಮುನಿಗಂಗಪ್ಪನ ಲೇಖನಿ ನಿಂತಿತು. ಅವನ ತಂಗಿ ಸತ್ತದ್ದೂ ಅದೇ ಬೇನೆಯಲ್ಲಿ, ಅದೇ ವಯಸ್ಸಿಗೆ. ಆಚೆಯಿಂದ ತಾಯಿಯ ದನಿ ಇನ್ನೇನು ಬಂತೆಂದು ಅವನು ಉಸಿರು ಹಿಡಿದು ಕುಳಿತ. ರಾಗಿ ಕೇರುವ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಮತ್ತೆ ಶುರುವಾಯಿತು.

ಒಂಬತ್ತನೆಯ ಸೂಜಿಯ ಹೊತ್ತಿಗೆ ಕೊಂಡಮ್ಮನ ಹೊಟ್ಟೆ ಬಾತು ಕಲ್ಲಿನಂತಾಗಿತ್ತು. ಅಂದು ಆದಿಲಕ್ಷ್ಮಮ್ಮನೂ ಆಸ್ಪತ್ರೆಗೆ ಬಂದು ಅವಳ ಕೈ ಹಿಡಿದು ನಿಂತಿದ್ದಳು.

"ಕೂಗಿಬಿಡಿ ತಾಯಿ" ಎಂದಳು. "ಮೂಗರೂ ಕೂಗ್ತಾರೆ."

ಕೊಂಡಮ್ಮ ಮಗನ ಕಡೆ ನೋಡಿದಳು. ಮಗ ಗೋಡೆಯ ಕಡೆ ನೋಡಿದ. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೋಣೆಯಲ್ಲಿ ಇಬ್ಬರೇ ಇದ್ದಾಗ ಪಿಸುದನಿಯಲ್ಲಾದರೂ ಮಾತಾಡೆಂದು ಅವನು ಎರಡು ಸಲ ಕೇಳಿದ. ಆಕೆ ಬೆರಳಿನಿಂದ ಗೋಡೆಯನ್ನು ತೋರಿಸಿ ಬೇಡವೆಂದು ತಲೆಯಾಡಿಸಿದಳು. ಕೊಟ್ಟ ಮಾತಿನಲ್ಲಿ ಒಂದು ದಿನವನ್ನೂ ಆಕೆ ಕಡಿಮೆ ಮಾಡಲಿಲ್ಲ.

ಇಪ್ಪತ್ತೊಂಬತ್ತನೆಯ ತಾರೀಕು ಹದಿನಾಲ್ಕನೆಯದೂ ಮುಗಿಯಿತು. ಆದಿಲಕ್ಷ್ಮಮ್ಮ ಮೂಗಿಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಕಳುಹಿಸಿಕೊಟ್ಟಳು. ತಾಯಿ ಮಗ ಸಣ್ಣ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಬಂದರು. ದಾರಿಯುದ್ದಕ್ಕೂ ಆಕೆ ತುಟಿ ಬಿಚ್ಚಲಿಲ್ಲ. ಇಳಿದು, ರೈಲು ಮುಂದಕ್ಕೆ ಹೋದ ಮೇಲೆ, ಮಗನ ಎದುರು ನೆಟ್ಟಗೆ ನಿಂತು ಬಾಯಿ ತೆರೆದಳು.

"ನಾನು ಹೇಗೆ ಮಾತಾಡ್ತಾ ಇದ್ದೀನಿ? ಸರಿಯಾಗಿದೆಯಾ?"

ಹಕಾರ ಹಕಾರದ ಜಾಗದಲ್ಲಿತ್ತು. ಮಾತಿನ ಬಾಲ ತಗ್ಗಿತ್ತು. ತಾಯಿಯ ಬಾಯಲ್ಲಿ ಆದಿಲಕ್ಷ್ಮಮ್ಮ ಮಾತಾಡಿದಂತಿತ್ತು. ತನಗೆ ಹತ್ತೊಂಬತ್ತು ತಿಂಗಳು ಹಿಡಿದದ್ದನ್ನು ಈಕೆ ಒಂದು ಸಲವೂ ನಾಲಿಗೆ ಹೊರಳಿಸದೆ ಹದಿನಾಲ್ಕು ದಿನದಲ್ಲಿ ಮುಗಿಸಿದ್ದಳು. ಎಲ್ಲಿ ಕಲಿತೆಯೆಂದು ಅವನು ಬೆರಗಿನಿಂದ ಕೇಳಿದ.

"ಒಳಗೊಳಗೇ ಹೇಳಿಕೊಳ್ತಾ ಇದ್ದೆ. ಅವರು ಮಗಳ ವಿಷಯ ಹೇಳಿದ್ರಲ್ಲ, ಅವತ್ತಿನಿಂದ." ಆಕೆ ಪಾಠ ಒಪ್ಪಿಸುವವಳಂತೆ ಹೇಳಿದಳು: "ನನ್ನದೂ ಒಂದು ಹೋಯ್ತು ತಾಯಿ. ಅದಕ್ಕೂ ನಾಲ್ಕೇ ವರ್ಷ." ಮತ್ತೆ ಮಗನನ್ನು ನೋಡಿದಳು. "ಇಷ್ಟನ್ನ ಅವರಿಗೆ ಹೇಳಬೇಕು. ಇನ್ನು ನಾನು ಬಂದ್ರೆ ನಿನಗೆ ತೊಂದರೆ ಇಲ್ಲ ಅಲ್ವಾ?"

ಆಕೆಯ ಲೆಕ್ಕ ಎಲ್ಲಿ ತಪ್ಪಿತೆಂದು ಮುನಿಗಂಗಪ್ಪನಿಗೆ ಆಗ ತಿಳಿಯಿತು. ಹೇಳದೆ ಇರಲಾಗಲಿಲ್ಲ.

"ಅಲ್ಲಿ ನೀನು ಮೂಗಿ, ಅಮ್ಮ."

ಕೊಂಡಮ್ಮನ ಬಾಯಿ ತೆರೆದಂತೆಯೇ ಉಳಿಯಿತು. "ಔದಲ್ಲಾ" ಎಂದಳು, ತನ್ನ ಮೊದಲಿನ ಮಾತಿನಲ್ಲಿ. "ಅದ್ನ ಮರ್ತೇಬುಟ್ಟಿದ್ದೆ." ಗಂಟನ್ನು ಕಂಕುಳಿಗೆ ಸೇರಿಸಿಕೊಂಡಳು. "ಓಗ್ಲಿ ಬುಡು, ನೀನೇ ಒಂದ್ಮಾತು ತಿಳಿಸ್ಬುಡಪ್ಪಾ. ಆಯಮ್ಮ ಒಬ್ಳೇ ಅಳ್ತಿದ್ಲು."

ತಿಳಿಸುತ್ತೇನೆಂದು ಅವನು ಮಾತು ಕೊಟ್ಟ.

ಮೂಗಿಯ ಕಿವಿಗೆ ಬಿದ್ದದ್ದು ಮಗನಿಗೆ ಹೇಗೆ ತಿಳಿಯಿತೆಂದು ಆದಿಲಕ್ಷ್ಮಮ್ಮ ಕೇಳಿದರೆ ಏನು ಹೇಳುವುದು ಎಂಬುದೊಂದು ನೆಪ ಅವನಿಗೆ ಸಿಕ್ಕಿತು. ಆ ನೆಪದ ಮೇಲೆ ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ಮಾತಾಡುವ ಮೂಗಿಯನ್ನು ಅವನು ಮತ್ತೆ ಆ ಮನೆಗೆ ಕರೆತರಲಿಲ್ಲ. ೧೯೬೧ರ ಚಳಿಗಾಲದಲ್ಲಿ ಕೊಂಡಮ್ಮ ಜ್ವರ ಬಂದು ಕೇರಿಯಲ್ಲೇ ತೀರಿಕೊಂಡಳು. ಸುದ್ದಿ ಕೇಳಿ ಆದಿಲಕ್ಷ್ಮಮ್ಮ ನಡುಮನೆಯ ಕಂಬಕ್ಕೆ ಒರಗಿ ಕುಳಿತು ಅತ್ತಳು.

"ನನ್ನ ಹೊಟ್ಟೇಲಿದ್ದದ್ದನ್ನೆಲ್ಲ ಕೇಳಿಸಿಕೊಂಡ್ರು" ಎಂದಳು. "ಅವರ ಹೊಟ್ಟೇಲಿ ಏನಿತ್ತೋ, ಯಾರಿಗೆ ಗೊತ್ತು ಮೇಷ್ಟ್ರೇ?"

ಅವನು ಹೊಸ್ತಿಲಲ್ಲಿ ನಿಂತಿದ್ದ. ಎಣಿಸಿದರೆ ಏಳು ಪದ. ನಾಲಿಗೆಯ ತುದಿಯಲ್ಲೇ ಇದ್ದವು. ಶಾಲೆಗೆ ಹೊತ್ತಾಯಿತೆಂದು, ಒಂದು ಅಕ್ಷರವೂ ಜಾರದ ಶುದ್ಧವಾದ ಮಾತಿನಲ್ಲಿ ಹೇಳಿ, ಅವನು ಹೊರಟುಹೋದ.

೧೯೬೪ರಲ್ಲಿ ಗೌರಿಬಿದನೂರಿಗೆ ವರ್ಗವಾಗಿ ಆ ಮನೆ ಬಿಟ್ಟಾಗ ಅವನು ಆದಿಲಕ್ಷ್ಮಮ್ಮನಿಗೆ ಕೊಡಬೇಕಾದ ಬಾಡಿಗೆಯೆಲ್ಲ ಸಂದಿತ್ತು. ತಾಯಿ ಒಪ್ಪಿಸಿದ ಮಾತು ಸಂದಿರಲಿಲ್ಲ.