ಎಡ ಹಿಂಗಾಲಿನ ಸುಣ್ಣ

ಕುದುರೆಮೆಂತೆ ಮೇವಿನ ಎರಡನೇ ಕೊಯ್ಲು, ಜೂನ್ ತಿಂಗಳ ಬಿಸಿಲು, ಹೊಲದಲ್ಲಿ ಪೆಂಡಿ ಕಟ್ಟುವ ಯಂತ್ರ ಧಡ್ ಧಡ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದೆ, ಅಣ್ಣ ಹಾರ್ಲನ್ ನಡುನಡುವೆ ಇಳಿದು ಹುರಿ ಸರಿಮಾಡಿ ಮತ್ತೆ ಹತ್ತುತ್ತಾನೆ, ಎಪ್ಪತ್ತೈದಾದರೂ ಹತ್ತುವುದು ಎಡಗಡೆಯಿಂದಲೇ, ಟ್ರಾಕ್ಟರನ್ನೂ ಕುದುರೆ ಅಂದುಕೊಂಡಿದ್ದಾನೆ — ಐಡೆಲ್ ಕಿಟಕಿಯ ಬಳಿ ಜರ್ದಾಳು ಹಣ್ಣು ಸೀಳಿ ಬೀಜ ತೆಗೆದು ಒಣಹಾಕಲು ತಟ್ಟೆಗೆ ಜೋಡಿಸುತ್ತಿದ್ದಾಳೆ, ಕೈ ತನ್ನ ಪಾಡಿಗೆ ಸೀಳುತ್ತದೆ, ಮನಸ್ಸು ಮೂರು ಗಂಟೆಯ ಕಡೆಗೇ, ಮೂರಕ್ಕೆ ಆ ಟ್ರೆವರ್ ಬರುತ್ತಾನೆ, ಪಟ್ಟಣದ ಸಿನಿಮಾ ಸಂಗ್ರಹಾಲಯದವನು, ಯಾವ ನಟಿ ಯಾವ ದೃಶ್ಯದಲ್ಲಿ ಜ್ವರದಿಂದ ನಡುಗುತ್ತಿದ್ದಳು, ಯಾವ ನಾಯಕ ಕುದುರೆ ಹತ್ತಲು ಸ್ಟೂಲು ಕೇಳಿದ, ಎಲ್ಲ ಅವನಿಗೆ ಬಾಯಿಪಾಠ, ಫೋನಿನಲ್ಲಿ ಹೇಳಿದ್ದ, ನಾಯಕಿ ಕುದುರೆಯಿಂದ ಬೀಳೋ ದೃಶ್ಯ ಇದೆಯಲ್ಲಮ್ಮ, ಓಡುವಾಗ ಬಿಳಿ ಇರೋದು ಬಲ ಹಿಂಗಾಲು, ಬೀಳುವಾಗ ಎಡ, ಐವತ್ತೈದು ವರ್ಷದಿಂದ ಜನ ನಗ್ತಿದಾರೆ, ಆ ಬಣ್ಣ ಬಳಿದದ್ದು ನೀವೇ ಅಂತೆ — ನಾನೇ, ಅಂದಿದ್ದಳು, ಅಷ್ಟು ಮನೆಯವರಿಗೂ ಗೊತ್ತು, ಹಾರ್ಲನ್ ಪ್ರತಿ ಕ್ರಿಸ್‌ಮಸ್ಸಿಗೂ ಬಂದವರ ಮುಂದೆ ಅದನ್ನೇ ಎತ್ತಿ ಆಡುತ್ತಾನೆ, ನಮ್ಮ ಐಡೆಲ್‌ಗೆ ಎಡ ಬಲ ಗೊತ್ತಿಲ್ಲ, ನನ್ನನ್ನ ಕೊರಿಯಾಕ್ಕೆ ಕಳಿಸಿದ್ರು, ಇವಳನ್ನ ಕಳಿಸಿದ್ದಿದ್ರೆ ಜಪಾನಿಗೆ ಹೋಗಿರೋಳು, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ — ಎಡ ಬಲ ಗೊತ್ತಿಲ್ಲವೆ, ಕುದುರೆಯವರ ಮನೆಯಲ್ಲಿ ಜೀನು ಹಾಕುವುದು ಎಡದಿಂದ, ಹತ್ತುವುದು ಎಡದಿಂದ, ಹಿಡಿದು ನಡೆಸುವುದು ಎಡದಿಂದ, ಹಾಗೆ ಬೆಳೆದ ಹದಿನೇಳರ ಮೈ ಸುಣ್ಣದ ಡಬ್ಬಿ ಹಿಡಿದು ತಾನಾಗಿ ಎಡಕ್ಕೇ ಹೋಗಿ ಕೂತಿತು, ಕೈಗೆ ಮೊದಲು ಸಿಕ್ಕಿದ ಹಿಂಗಾಲಿಗೆ ಬಳಿಯಿತು, ಅದು ತಪ್ಪು, ಹೌದು, ಆದರೆ ತಪ್ಪೆಂದರೆ ಅಷ್ಟೇ ಆಗಿದ್ದರೆ — ದೂಳಿನಲ್ಲಿ ಒಂದು ಬಿಳಿ ಕಾಲು, ಸುಣ್ಣ ಇನ್ನೂ ಹಸಿ.

ಬೀಳುವುದಕ್ಕೆಂದೇ ಪಳಗಿಸಿದ ಕುದುರೆಗೆ ಅಂದು ಬೆಳಿಗ್ಗೆ ಹೊಟ್ಟೆಶೂಲೆ ಬಂತು, ಉರುಳಾಡುತ್ತಿತ್ತು, ಸಿಯೆರಾ ಬೆಟ್ಟದ ಹಿಂದೆ ಬಿಸಿಲು ಸರಿದರೆ ಆ ದಿನ ಹೋದಂತೆ, ಸಿನಿಮಾ ಕಂಪನಿಯ ಕುದುರೆ ಮೇಸ್ತ್ರಿ ಬೇಲಿಗೆ ಒರಗಿ ಕೇಳಿದ, ನಿಮ್ಮ ಲಾಯದಲ್ಲಿ ಇದೇ ಕಂದು ಬಣ್ಣದ ಹೆಣ್ಣುಕುದುರೆ ಐತಂತಲ್ಲ ಮರಿ, ಒಂದು ಹಿಂಗಾಲಿಗೆ ಸುಣ್ಣ ಬಳಿದ್ರೆ ನಮ್ಮದರ ಹಂಗೇ ಕಾಣ್ತದೆ, ನಾಯಕಿ ಬಂದು ತನ್ನ ಹಸಿರು ಸ್ಕಾರ್ಫು ಬಿಚ್ಚಿ ಐಡೆಲ್‌ನ ಕೊರಳಿಗೆ ಸುತ್ತಿದಳು, ನೀನಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ ಅಂದಳು, ಸಾಬೂನಿನ ಎಂಥ ವಾಸನೆ — ಟ್ಯಾನ್ಸಿ ಹಾರ್ಲನ್‌ನ ಕುದುರೆ, ಯುದ್ಧಕ್ಕೆ ಹೊರಡುವಾಗ ಕಡಿವಾಣ ಇವಳ ಕೈಗೆ ಕೊಟ್ಟು ಹೋಗಿದ್ದ, ಪತ್ರದ ಕೊನೆಗೆಲ್ಲ ಒಂದೇ ಸಾಲು, ಟ್ಯಾನ್ಸಿ ಮೇಲೆ ಬೇರೆಯವರನ್ನ ಹತ್ತಿಸಬೇಡ — ಬರೀ ಓಡ್ಸೋದು ಅಂದಿದ್ದ ಮೇಸ್ತ್ರಿ, ಆಮೇಲೆ ತಂತಿ ತಂದ, ಪ್ರಾಣಿದಯೆಯವರ ಕಡೆಯ ಅಧಿಕಾರಿಯನ್ನು ಆಗಲೇ ಪಟ್ಟಣಕ್ಕೆ ಊಟಕ್ಕೆ ಕಳಿಸಿದ್ದರು, ಮುಂಗಾಲಿಗೆ ಚರ್ಮದ ಪಟ್ಟಿ ಬಿಗಿಯಲು ಟ್ಯಾನ್ಸಿ ಅವನಿಗೆ ಕಾಲೆತ್ತಿ ಕೊಡಲಿಲ್ಲ, ಐಡೆಲ್ ತೊಡೆ ತಟ್ಟಿ, ಕೊಡೇ ಚಿನ್ನಾ, ಎಂದಾಗ ಕೊಟ್ಟಳು, ಕೇಳಿದವರು ಯಾರೆಂದು ನೋಡಿ ಕೊಟ್ಟಳು — ತಂತಿಯ ಇನ್ನೊಂದು ತುದಿ ನೆಲದಲ್ಲಿ ಹೂತ ಕಂಬಕ್ಕೆ, ನಾಯಕಿಯ ಬದಲಿಗೆ ಹಸಿರು ಲಂಗ ತೊಟ್ಟ ಗಂಡಾಳು ಟ್ಯಾನ್ಸಿಯ ಬೆನ್ನ ಮೇಲೆ, ತಂತಿ ಮುಗಿದಲ್ಲಿಗೆ ಓಟವೂ ಮುಗಿಯಿತು, ಕತ್ತು ಅಡಿಗೆ ಸಿಕ್ಕಿ ಮುರಿಯಿತು, ಮೂರು ಕಾಲು ಸುಮ್ಮನಾದವು, ಬಿಳಿಯದೊಂದು ಮಾತ್ರ ಒದೆಯುತ್ತಲೇ ಇತ್ತು — ಅಪ್ಪ ಹೇಳಿಕೊಟ್ಟ, ಹಾರ್ಲನ್ ಕೇಳಿದ್ರೆ ಕಾಡುಕುದುರೆ ಹಿಂಡಿನ ಜೊತೆ ಹೋದ್ಳು ಅನ್ನು, ಸಾಕು, ಯುದ್ಧ ಮುಗಿಸಿ ಬಂದ ಹಾರ್ಲನ್ ಎರಡು ಬೇಸಿಗೆ ಜೇಬಿನಲ್ಲಿ ಓಟ್ಸ್ ತುಂಬಿಕೊಂಡು ಗುಡ್ಡ ಅಲೆದ, ಒಂದು ಸಂಜೆ ಬಂದು ಹೇಳಿದ, ದೂರದಲ್ಲಿ ಕಂಡ್ಳು ಕಣೇ, ಜೊತೆಗೊಂದು ಮರಿ ಇತ್ತು, ಕರೀಲಿಲ್ಲ ನಾನು, ಚೆನ್ನಾಗಿರ್ಲಿ, ಅಂದಿನಿಂದ ಹುಡುಕುವುದು ಬಿಟ್ಟ, ಸಿನಿಮಾ ಬಂದಾಗ ಬಾಡಿಗೆ ಪರದೆಯ ಮೇಲೆ ಬರೀ ಮಸುಕು, ದೂಳು, ಅದರಲ್ಲೊಂದು ಬಿಳಿ ಕಾಲು, ನಕ್ಕನಲ್ಲ ಅವನೂ.

ಟ್ರೆವರ್ ಬಂದಿದ್ದಾನೆ, ಲ್ಯಾಪ್‌ಟಾಪು ತೆರೆದು ಮೇಜಿನ ಮೇಲಿಟ್ಟಿದ್ದಾನೆ, ಹಾರ್ಲನ್ ಟೋಪಿ ತೆಗೆದು ಕಾಫಿ ಬಗ್ಗಿಸಿಕೊಂಡು ಪಕ್ಕದಲ್ಲೇ ಕೂತ, ಹೋಗು ಅನ್ನಲು ಏನು ನೆವ ಇದೆ, ಹುಲ್ಲು ಮಿಕ್ಕಿಲ್ಲವೆ ಅಂದಳು, ಕಾಯ್ಲಿ ಬಿಡು, ನಿನ್ನ ಕೀರ್ತಿ ಕೇಳೋಣ ಅಂದ, ಸಿನಿಮಾದ ಹೊಸದಾಗಿ ತೊಳೆದು ತೆಗೆದ ಪ್ರತಿ ಇದಂತೆ, ಪ್ರತಿ ಕೂದಲೂ ಕಾಣುತ್ತದಂತೆ, ಓಡುವಾಗ ನಾಯಕಿಯ ಕುದುರೆಯ ಕಿವಿ ಇಡಿಯಾಗಿದೆ ನೋಡಿ, ಅನ್ನುತ್ತಿದ್ದಾನೆ ಟ್ರೆವರ್, ಬೀಳೋದರ ಕಿವಿ ಸೀಳಿದೆ, ಹೊಲಿಗೆ ಹಾಕಿದ ಗುರುತು, ಹಾಗಾದ್ರೆ ಇದು ಬೇರೆಯದು, ಯಾರದು ಇದು — ಯಾರದೆಂದು ಅವಳು ಹೇಳಬೇಕು, ಮರಿಯಾಗಿದ್ದಾಗ ಮುಳ್ಳುತಂತಿಗೆ ಸಿಕ್ಕಿ ಸೀಳಿದ ಟ್ಯಾನ್ಸಿಯ ಕಿವಿ, ಹೊಲಿದವನು ಹದಿನಾರರ ಹಾರ್ಲನ್, ಅಮ್ಮನ ಸೂಜಿ, ವಕ್ರ ಹೊಲಿಗೆ, ಕಂಪನಿಯದು ಅನ್ನಲೇ, ನೆನಪಿಲ್ಲ ಅನ್ನಲೇ, ಅಂಗೈಯಲ್ಲಿ ಹಣ್ಣು ಹಿಚುಕಿಹೋಗಿದೆ, ಹಾರ್ಲನ್ ಕನ್ನಡಕ ಹಾಕಿಕೊಂಡ, ಪರದೆಗೆ ಬಾಗಿದ, ಬೆರಳಿಟ್ಟ, ಕಿವಿಯ ಮೇಲೆ, ತೆಗೆಯಲಿಲ್ಲ, ಟ್ರೆವರ್ ಏನೋ ಕೇಳುತ್ತಿದ್ದಾನೆ, ಹಾರ್ಲನ್ ಅವನ ಕಡೆ ತಿರುಗಲಿಲ್ಲ, ಐಡೆಲ್, ಅಂದ, ಮೆಲ್ಲಗೆ, ಲಾಯದಲ್ಲಿ ಕುದುರೆ ಬೆದರದ ಹಾಗೆ ಮಾತಾಡುವ ದನಿಯಲ್ಲಿ, ಬಿದ್ಮೇಲೆ ಎದ್ಲಾ ಇವಳು — ಅಷ್ಟೇ ಕೇಳಿದ, ಒಂದು ಮಾತಿನ ಉತ್ತರ, ಎದ್ದಳು ಅಂದರೆ ಮುಗಿಯಿತು, ಇಲ್ಲ ಅಂದರೂ ಮುಗಿಯಿತು, ಅವಳ ಕಣ್ಣು ಪರದೆಯ ಮೇಲೆ, ಮೂರು ಕಾಲು ಸುಮ್ಮನಿವೆ, ಒಂದು ಒದೆಯುತ್ತಿದೆ, ದೂಳಿಗೆ ಸುಣ್ಣ ತಾಗುತ್ತಿದೆ, ಒದೆಯುತ್ತಿದೆ, ಎಡಗಾಲು, ಬಿಳಿ, ಒದೆಯುತ್ತಿದೆ