ಷಡ್ಡಕನ ಸಣ್ಣ ಗಾಳ

ಷಡ್ಡಕ ರೇವಣ್ಣನ ಗಾಳದ ಕೋಲು ನೋಡಿ ನಾನು ಕಾರಿನಲ್ಲಿ ದಾರಿಯುದ್ದಕ್ಕೂ ನಕ್ಕಿದ್ದೆ. ಕೋಲು ತೊಗರಿ ಕಡ್ಡಿಯಷ್ಟು ತೆಳ್ಳಗೆ, ದಾರವೋ ಕೂದಲೆಳೆ. ಶೆಟ್ಟಿಕೆರೆಯಲ್ಲಿ ಮೀನು ಹಿಡಿಯುವವನೆಂದರೆ ನಾನು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು, ಮೊಬೈಲ್ ನೋಡಿ ಗಾಳ ಹಾಕುವುದು ಕಲಿತ ಇವನು ನನ್ನ ಮುಂದೆ ಯಾವ ಲೆಕ್ಕ? ಇವತ್ತು ಸಮುದ್ರದ ಮೀನು ಹಿಡಿದು ತೋರಿಸುತ್ತೇನೆಂದು ಹೆಂಡತಿ ಗಂಗಲಕ್ಷ್ಮಿಗೆ ಮಾತು ಕೊಟ್ಟಿದ್ದೆ. ಅವಳು ನನ್ನನ್ನು ಮೆಚ್ಚಿ ಒಂದು ಮಾತಾಡಿ ಎಷ್ಟು ಕಾಲವಾಗಿತ್ತೋ. ಅದಕ್ಕೇ ನನಗೆ ಆ ಮೀನು ಬೇಕಿತ್ತು.

ಹೊನ್ನಾವರದ ಮರಳಿನ ಮೇಲೆ ನಿಂತು, ನಮ್ಮ ಕೆರೆಗೆ ಹಾಕುವ ಹಾಗೆಯೇ ರಾಗಿ ಮುದ್ದೆಗೆ ಕೊಬ್ಬರಿ ಹಿಂಡಿ ಕಲಸಿ, ಉಂಡೆ ಕಟ್ಟಿ, ಬೆಂಡು ತೇಲಿಬಿಟ್ಟೆ. ಅಲೆ ಅದನ್ನು ವಾಪಸ್ ನನ್ನ ಕಾಲ ಬುಡಕ್ಕೇ ತಂದು ಹಾಕಿತು. ಗಾಳದಲ್ಲಿ ಮುದ್ದೆಯ ಗುರುತೂ ಇರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಅದೇ ಕತೆ.

ರೇವಣ್ಣ ಸೀಗಡಿ ಚೂರು ಸಿಕ್ಕಿಸಿ, ಸಣ್ಣ ಸೀಸದ ಗುಂಡು ಕಟ್ಟಿ, ತಳಕ್ಕೆ ಬಿಟ್ಟ.

"ಕಾಣೆ ಮೀನು ಮರಳಲ್ಲೇ ಮೇಯೋದು ಕಣಪ್ಪ. ಮೇಲಕ್ ಬರಾಕಿಲ್ಲ" ಎಂದ.

ನನಗೇ ಪಾಠ! ಅಷ್ಟರಲ್ಲಿ ಅವನ ಕಡ್ಡಿ ಬಾಗಿತು. ಗೇಣುದ್ದದ ಕಾಣೆ ಮಿರಮಿರ ಮಿಂಚುತ್ತಾ ದಡಕ್ಕೆ ಬಂತು. ಗಂಗಲಕ್ಷ್ಮಿ ಚಪ್ಪಾಳೆ ತಟ್ಟಿದಳು. ಅದನ್ನು ಕೇಳಿ ನಾನು ಮುದ್ದೆಯ ಉಂಡೆಯನ್ನು ಇನ್ನೂ ದೊಡ್ಡದಾಗಿ ಕಟ್ಟಿದೆ.

"ನಾನೂ ಒಂದ್ಸಲ ಹಿಡೀಲಾ ಭಾವ?" ಎಂದಳು.

ಅವನು ಕೋಲನ್ನೇ ಅವಳ ಕೈಗೆ ಕೊಟ್ಟುಬಿಟ್ಟ. "ಬೆರಳಲ್ಲಿ ದಾರ ಮುಟ್ಕಂಡಿರು. ಕುಟುಕಿದ್ರೆ ಗೊತ್ತಾಯ್ತದೆ. ಜಗ್ಗಬ್ಯಾಡ, ನಿಧಾನಕ್ಕೆ ಕೋಲಿನ ರಾಟೆ ಸುತ್ತು."

ಅವಳು ಉಸಿರು ಬಿಗಿಹಿಡಿದು ನಿಂತಳು. ಮದುವೆಯ ದಿನವೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅರಳಿಸಲು ಇವನೇ ಬೇಕಾಯಿತೇ?

"ಕುಟುಕ್ತು! ಕುಟುಕ್ತು ಭಾವ!"

ಕೂಗಿದ್ದೂ ಅವನನ್ನೇ. ಇನ್ನು ನನ್ನಿಂದಾಗಲಿಲ್ಲ. "ಹಂಗಲ್ಲ ಕಣೇ, ಕೊಡಿಲ್ಲಿ!" ಎಂದು ಕೋಲು ಕಿತ್ತುಕೊಂಡು, ಕೆರೆಯಲ್ಲಿ ದಪ್ಪ ಕಾಟ್ಲಾ ಮೀನು ಎತ್ತುವ ಹಾಗೆ ಹೆಗಲ ಮೇಲಿಂದ ಒಂದೇ ಏಟಿಗೆ ಎಳೆದೆ. ದಾರ ಪಟ್ಟನೆ ಹರಿದುಹೋಯಿತು.

"ಥೂ, ಎಂಥಾ ದರಿದ್ರದ ದಾರನಪ್ಪ ಇದು!" ಎಂದು ರೇವಣ್ಣನ ಮೇಲೆ ರೇಗಿದೆ. ಅವನು ಹರಿದ ದಾರದ ತುದಿ ಹುಡುಕಿ ಸುತ್ತತೊಡಗಿದ. ಅದು ನನ್ನನ್ನು ಇನ್ನಷ್ಟು ಉರಿಸಿತು.

ಗಂಗಲಕ್ಷ್ಮಿ ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನ್ನ ಕಡೆ ತಿರುಗಲೇ ಇಲ್ಲ.

"ಇನ್ನೊಂದ್ ಗಾಳ ಕಟ್ಕೊಡಿ ಭಾವ" ಎಂದಳು. "ಅಲ್ಲೀಗಂಟ ಇವ್ರು ಹೋಗಿ ಕಾರಲ್ಲಿ ಕೂತ್ಕಳ್ಳಿ."